ಸೆರೆಂಬಾನಿನ ಚಿಕ್ಕಪ್ಪನನ್ನು ಮೊದಲ ಸಲ ಕಾಣಲು ಹೊರಟಾಗ

ಪ್ರಶ್ನೆ: ನಮ್ಮ ಮೂಲ ಕುಂದಾಪುರ ತಾಲ್ಲೂಕಿನ ಒಂದು ಹಳ್ಳಿ, ಈಗ ಬೆಂಗಳೂರಿನಲ್ಲಿದ್ದೇವೆ. ಅಜ್ಜನ ತಮ್ಮ 1938ರಲ್ಲಿ ಮದರಾಸಿನಲ್ಲಿ ಹಡಗು ಹತ್ತಿ ಮಲಯಕ್ಕೆ ಹೋದವರು, ಅಲ್ಲಿಯ ರಬ್ಬರ್ ತೋಟವೊಂದರಲ್ಲಿ ಗುಮಾಸ್ತರಾಗಿದ್ದರು. 1952ರ ನಂತರ ಅವರಿಂದ ಕಾಗದವಿಲ್ಲ. ಊರಿನಲ್ಲಿ ಅವರ ಕೈಹಿಡಿದ ಚಿಕ್ಕಜ್ಜಿ ಇದ್ದರು, ಮಕ್ಕಳಿರಲಿಲ್ಲ. 1994ರಲ್ಲಿ ಹಣೆಯ ಕುಂಕುಮದೊಂದಿಗೇ ತೀರಿಕೊಂಡರು. ಕಳೆದ ವರ್ಷ ಮಲೇಷ್ಯಾದ ಸೆರೆಂಬಾನಿನಿಂದ ಒಬ್ಬ ಹೆಣ್ಣುಮಗಳು ಫೇಸ್‌ಬುಕ್‌ನಲ್ಲಿ ನಮ್ಮನ್ನು ಹುಡುಕಿ ಬರೆದಳು. ಅವಳು ಚಿಕ್ಕಜ್ಜನ ಮೊಮ್ಮಗಳು. ಅವಳ ತಂದೆಗೆ ಈಗ ಎಪ್ಪತ್ತೈದು. ಏಪ್ರಿಲ್ ರಜೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಮಲೇಷ್ಯಾ, ಸಿಂಗಪುರಕ್ಕೆ ಏಳು ದಿನದ ಪ್ರವಾಸ ಹೊರಟಿದ್ದೇವೆ. ಎರಡು ರಾತ್ರಿ ತಮ್ಮ ಮನೆಯಲ್ಲೇ ಉಳಿಯಬೇಕೆಂದು ಅವರು ಒತ್ತಾಯಿಸುತ್ತಿದ್ದಾರೆ. ಉಳಿಯಬಹುದೇ? ಅವರನ್ನು ಏನೆಂದು ಕರೆಯುವುದು, ಏನು ಒಯ್ಯುವುದು? ಊರಿನ ಚಿಕ್ಕಜ್ಜಿಯ ವಿಷಯ ಅವರಿಗೆ ಗೊತ್ತಿದ್ದಂತಿಲ್ಲ, ಹೇಳಬೇಕೇ? ಇನ್ನು ಊರಿನಲ್ಲಿರುವ ದೊಡ್ಡಪ್ಪ, ಜಮೀನಿನ ಕಾಗದವೊಂದಕ್ಕೆ ಅವರ ಸಹಿ ಹಾಕಿಸಿಕೊಂಡು ಬಾ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ, ಉಳಿದದ್ದನ್ನೆಲ್ಲ ಕೆಡಿಸುವ ಶಕ್ತಿ ಇರುವುದು ಅದಕ್ಕೆ. ಸಹಿಯ ಕಾಗದವನ್ನು ಒಯ್ಯಬೇಡಿ. ದೊಡ್ಡಪ್ಪನವರಿಗೆ ಬೇಸರವಾದರೂ ಸರಿ, ಒಯ್ಯಬೇಡಿ. ಕುಟುಂಬಗಳ ಚರಿತ್ರೆಯನ್ನು ಬರೆದಿಡುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಕಡಲಾಚೆಯ ನೆಂಟರನ್ನು ಕಂಡು ಬಂದ ಅನೇಕರ ಮಾತು ಕೇಳಿದ್ದೇನೆ. ಮೊದಲ ಭೇಟಿಯಾಗಿ ಎರಡನೆಯದು ಆಗದೇ ಹೋದ ಕಡೆಗಳಲ್ಲಿ ವಿಚಾರಿಸಿದರೆ, ಊಟವಾದ ಮೇಲೆ ಚೀಲದಿಂದ ಹೊರಬಂದ ಒಂದು ಕಾಗದದ ಕಥೆಯೇ ಮತ್ತೆ ಮತ್ತೆ ಸಿಗುತ್ತದೆ. ಅಲ್ಲಿಯವರೆಗೆ ಕಣ್ಣೊರೆಸಿಕೊಳ್ಳುತ್ತ ಕೂತಿದ್ದ ಮನೆಯವರಿಗೆ ಆ ಕ್ಷಣ, ‘ಓ, ಇವರು ಬಂದದ್ದು ಇದಕ್ಕೆ’ ಅನಿಸಿಬಿಡುತ್ತದೆ. ಆಮೇಲೆ ಎಷ್ಟು ಸಮಜಾಯಿಷಿ ಕೊಟ್ಟರೂ ಆ ಅನಿಸಿಕೆ ಅಳಿಯುವುದಿಲ್ಲ.

ಕಾನೂನಿನ ಪ್ರಕಾರವೂ ಆ ಸಹಿಗೆ ಬೆಲೆಯಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು. ಸೆರೆಂಬಾನಿನ ಊಟದ ಮೇಜಿನ ಮೇಲೆ ಬರೆಸಿಕೊಂಡ ಒಪ್ಪಿಗೆಯನ್ನು ಉಪನೋಂದಣಾಧಿಕಾರಿ ಒಪ್ಪುವುದಿಲ್ಲ. ಅವರು ಮನಸ್ಸಿನಿಂದ ಒಪ್ಪಿದರೂ ದಾರಿ ಬೇರೆ ಇದೆ: ಅಧಿಕಾರ ಪತ್ರ ಬರೆಸಿ, ಕ್ವಾಲಾಲಂಪುರದ ಭಾರತೀಯ ಹೈಕಮಿಷನ್‌ನಲ್ಲಿ ದೃಢೀಕರಿಸಿ, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದು ವಕೀಲರ ಕೆಲಸ, ಪತ್ರವ್ಯವಹಾರದ ಕೆಲಸ. ಅದಕ್ಕೂ ಮೊದಲು ದೊಡ್ಡಪ್ಪನವರು ಪಹಣಿ ತೆಗೆಸಿ ನೋಡಲಿ. ಕರಾವಳಿಯಲ್ಲಿ ಗೇಣಿಗೆ ಕೊಟ್ಟಿದ್ದ ಎಷ್ಟೋ ಜಮೀನು 1974ರ ಭೂಸುಧಾರಣೆಯಲ್ಲಿ ಒಕ್ಕಲುಗಳ ಹೆಸರಿಗೆ ಹೋಗಿದೆ. ಇಲ್ಲದ ಜಮೀನಿಗೆ ಸಹಿ ಕೇಳಿ ನೆಂಟಸ್ತನ ಕಳೆದುಕೊಂಡವರೂ ಇದ್ದಾರೆ. ಇನ್ನೊಂದು ಮಾತು: ಅವರು ಸಿಕ್ಕಿದ್ದಾರೆಂದು ತಿಳಿದ ಮೇಲೆ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಚಿಕ್ಕಜ್ಜನ ಕೊಂಬೆಯನ್ನು ಬಿಟ್ಟು ಬರೆಯುವ ಹಾಗಿಲ್ಲ. ಈ ಮಾತನ್ನು ದೊಡ್ಡಪ್ಪನವರಿಗೆ ನೀವೇ, ನಿಧಾನವಾಗಿ, ಎದುರು ಕೂತು ಹೇಳಿ.

ಇನ್ನು ಉಳಿಯುವ ವಿಚಾರ. ಮೊದಲ ಸಲ ಉಳಿಯಬೇಡಿ. ನೀವು ಆರು ಜನ. ನಿಮ್ಮ ತಂದೆತಾಯಿಗೆ ರಾತ್ರಿ ಎರಡು ಸಲ ಎದ್ದು ದೀಪ ಹುಡುಕುವ ವಯಸ್ಸು. ಆ ಮನೆಯ ಯಜಮಾನರಿಗೂ ಎಪ್ಪತ್ತೈದು. ಅದಕ್ಕಿಂತ ದೊಡ್ಡ ಕಾರಣ ಇದೆ. ಎಂಬತ್ತಕ್ಕೂ ಹೆಚ್ಚು ವರ್ಷದ ಅಗಲಿಕೆಯ ಮಾತು ಒಂದು ಹಗಲಿನಲ್ಲಿ ಎದ್ದಾಗ ಎರಡೂ ಕಡೆಯವರಿಗೆ ಸಂಜೆಯ ಹೊತ್ತಿಗೆ ಮನಸ್ಸು ದಣಿದಿರುತ್ತದೆ. ಕೇಳಿದ್ದನ್ನು ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಲು ಒಂದು ಬಾಗಿಲು ಬೇಕು, ಅವರಿಗೂ ಬೇಕು. ಸೆರೆಂಬಾನ್ ಪೇಟೆಯಲ್ಲೇ ಹೋಟೆಲ್ ಹಿಡಿದು, ‘ಬೆಳಿಗ್ಗೆಯಿಂದ ರಾತ್ರಿ ಊಟದವರೆಗೆ ನಿಮ್ಮ ಮನೆಯಲ್ಲೇ ಇರುತ್ತೇವೆ, ಮಲಗಲು ಮಾತ್ರ ಹೊರಗೆ; ಅಪ್ಪನ ಮಂಡಿನೋವಿಗೆ ಹಾಗೆ ಅನುಕೂಲ’ ಎಂದು ಈಗಲೇ ಬರೆಯಿರಿ. ಅಲ್ಲಿಗೆ ಹೋದ ಮೇಲೆ ಹೇಳಿದರೆ ಮನಸ್ಸು ನೋಯುತ್ತದೆ, ಎರಡು ತಿಂಗಳ ಮೊದಲು ಹೇಳಿದರೆ ಏರ್ಪಾಟಾಗುತ್ತದೆ.

ಸೆರೆಂಬಾನ್ ಕ್ವಾಲಾಲಂಪುರದಿಂದ ದಕ್ಷಿಣಕ್ಕೆ ಅರವತ್ತೈದು ಕಿಲೋಮೀಟರಿನಷ್ಟು ದೂರ, ಮಲಾಕ್ಕಾಗೂ ಸಿಂಗಪುರಕ್ಕೂ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಪ್ರವಾಸದ ಕಂಪನಿಗಳು ಆ ಊರನ್ನು ದಾಟಿಕೊಂಡೇ ಹೋಗುತ್ತವೆ, ನಿಲ್ಲಿಸುವುದಿಲ್ಲ. ನೀವಾಗಿಯೇ ಹೋಗುವುದಾದರೆ ಕೆ.ಎಲ್. ಸೆಂಟ್ರಲ್ ನಿಲ್ದಾಣದಿಂದ ಸ್ಥಳೀಯ ರೈಲು ಒಂದೂವರೆ ಗಂಟೆಯೊಳಗೇನೋ ಮುಟ್ಟಿಸುತ್ತದೆ. ಭೇಟಿಗೆ ಭಾನುವಾರ ಇಟ್ಟುಕೊಳ್ಳಿ, ಮತ್ತು ದಯವಿಟ್ಟು ಪ್ರವಾಸದ ಮೊದಲ ಅರ್ಧದಲ್ಲಿ ಇಟ್ಟುಕೊಳ್ಳಿ. ಕೊನೆಯ ದಿನಕ್ಕೆ ಇಟ್ಟುಕೊಂಡವರೆಲ್ಲ ವಿಮಾನ ನಿಲ್ದಾಣದಲ್ಲಿ ಕೂತು ‘ಇನ್ನೊಂದು ದಿನ ಇದ್ದಿದ್ದರೆ’ ಎಂದು ಹಲುಬಿದ್ದನ್ನು ನೋಡಿದ್ದೇನೆ. ಕ್ವಾಲಾಲಂಪುರದ ಬಳಿಯ ಬಾತು ಗುಹೆ ದೇವಸ್ಥಾನದ 272 ಮೆಟ್ಟಿಲನ್ನು ಭೇಟಿಯ ಹಿಂದಿನ ದಿನ ತಂದೆತಾಯಿಯಿಂದ ಹತ್ತಿಸಬೇಡಿ. ಭಾರತೀಯರಿಗೆ ಮಲೇಷ್ಯಾ ಮೂವತ್ತು ದಿನದವರೆಗೆ ವೀಸಾ ಇಲ್ಲದೆ ಪ್ರವೇಶ ಕೊಡುತ್ತಿದೆ, ಈ ಸೌಲಭ್ಯ 2026ರ ಕೊನೆಯವರೆಗೆ ಇದೆ. ಅಲ್ಲಿ ಇಳಿಯುವ ಮೊದಲಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಪತ್ರ ತುಂಬಬೇಕು. ಸಿಂಗಪುರಕ್ಕೆ ವೀಸಾ ಬೇಕೇ ಬೇಕು.

ಏನೆಂದು ಕರೆಯುವುದು ಎಂದು ಕೇಳಿದಿರಿ. ನನ್ನ ಮಟ್ಟಿಗೆ ಇದು ಈ ಪ್ರವಾಸದ ಜೀವಾಳ. ಅವರ ಮನೆಯಲ್ಲಿ ಇಂಗ್ಲಿಷಿನ ಲೆಕ್ಕ ನಡೆದಿರುತ್ತದೆ. ಆ ಲೆಕ್ಕದಲ್ಲಿ ನಿಮಗೆ ಬರೆದ ಹೆಣ್ಣುಮಗಳು ‘ಸೆಕೆಂಡ್ ಕಸಿನ್’, ಅಂದರೆ ಎರಡು ಮೆಟ್ಟಿಲು ದೂರ. ಅವಳ ತಂದೆಗೆ ಆ ಭಾಷೆಯಲ್ಲಿ ಇನ್ನೂ ಉದ್ದದ ಹೆಸರಿದೆ. ನಮ್ಮ ಲೆಕ್ಕ ಹಾಕಿ ನೋಡಿ: ಅಜ್ಜನ ತಮ್ಮನ ಮಗ ನಿಮ್ಮ ತಂದೆಗೆ ಚಿಕ್ಕಪ್ಪನ ಮಗ, ಅಂದರೆ ತಮ್ಮ. ತಂದೆಯ ತಮ್ಮ ನಿಮಗೆ ಚಿಕ್ಕಪ್ಪ. ಚಿಕ್ಕಪ್ಪನ ಮಗಳು ತಂಗಿ. ಅವರಿಗೆ ಅಕ್ಕತಂಗಿಯರಿದ್ದರೆ ನಿಮಗೆ ಅತ್ತೆಯಂದಿರು, ಆ ಅತ್ತೆಯ ಮಕ್ಕಳು ಭಾವ, ನಾದಿನಿ. ಎಲ್ಲಿಯೂ ‘ದೂರದ’ ಎಂಬ ಮಾತು ಬರಲೇ ಇಲ್ಲ! ಮಲೇಷ್ಯಾದಲ್ಲಿ ದಾರಿಯಲ್ಲಿ ಹೋಗುವ ಯಾವ ಹಿರಿಯರನ್ನಾದರೂ ಅಂಕಲ್, ಆಂಟಿ ಎನ್ನುತ್ತಾರೆ. ಆದ್ದರಿಂದ ‘ಅಂಕಲ್’ ಎಂದರೆ ಆ ಮನೆಯಲ್ಲಿ ನೀವು ಗಿರಾಕಿಯೋ ನೆರೆಯವರೋ ಆಗಿಬಿಡುತ್ತೀರಿ. ಬಾಗಿಲಲ್ಲೇ ‘ಚಿಕ್ಕಪ್ಪ’ ಎನ್ನಿ. ನಿಮ್ಮ ತಂದೆ ಅವರನ್ನು ‘ತಮ್ಮ’ ಎನ್ನಲಿ. ತಮಿಳಿನಲ್ಲಿ ತಂಬಿ ಎಂದರೂ ಅದೇ, ಸಿತ್ತಪ್ಪ ಎಂದರೂ ಅದೇ. ಅವರಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ.

ಇದೇ ಜಿಲ್ಲೆಯ ಬೇರೆ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ನಿಮ್ಮದು ಅಳಿಯಸಂತಾನದ ಮನೆಯಾಗಿದ್ದರೆ ಮಕ್ಕಳಿಗೆ ಬರುವುದು ತಾಯಿಯ ‘ಬಳಿ’, ಅಂದರೆ ತಾಯಿಯ ಕುಲ, ತಂದೆಯದ್ದಲ್ಲ. ಮಲಯದಲ್ಲಿ ತಮಿಳು ಹೆಣ್ಣನ್ನು ಮದುವೆಯಾದವರ ಮಕ್ಕಳು ‘ನಮ್ಮ ಬಳಿ ಯಾವುದು’ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಆದರೆ ಸೆರೆಂಬಾನ್ ಇರುವ ನೆಗೆರಿ ಸೆಂಬಿಲಾನ್ ರಾಜ್ಯದವರಿಗೆ ಆ ಪದ್ಧತಿಯನ್ನು ವಿವರಿಸುವುದು ಕಷ್ಟವೇ ಅಲ್ಲ. ಅಲ್ಲಿಯ ಮಲಯರಲ್ಲಿ ‘ಅದತ್ ಪರ್ಪಾತಿಹ್’ ಎಂಬ ಕಟ್ಟಳೆ ನಡೆದುಬಂದಿದೆ; ಕುಲವೂ ಪಿತ್ರಾರ್ಜಿತ ಭೂಮಿಯೂ ತಾಯಿಯ ಕಡೆಯಿಂದಲೇ ಬರುತ್ತವೆ. ‘ಅದೇ, ನಮ್ಮ ಕಡಲ ತೀರದಲ್ಲೂ ಇತ್ತು’ ಎಂದರೆ ಸಾಕು.

ಅವರು ಕನ್ನಡದವರಂತೆ ಕಾಣದಿದ್ದರೆ ಬೆಚ್ಚಬೇಡಿ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಚಿಕ್ಕಜ್ಜ ಹಡಗು ಹತ್ತಿದ್ದು ಮದರಾಸಿನಲ್ಲಿ, ಅವರ ಕಾಗದಪತ್ರಗಳಲ್ಲಿ ಇದ್ದದ್ದೂ ಮದರಾಸು. ತೋಟದಲ್ಲಿ ಸುತ್ತಮುತ್ತ ಇದ್ದವರು ಹೆಚ್ಚಿನವರು ತಮಿಳರು, ಮನೆಯಾಕೆಯೂ ತಮಿಳಿನವರೇ ಇದ್ದಿರಬಹುದು. ಆದ್ದರಿಂದ ‘ತಾತ ಮದರಾಸಿನವರು’ ಎಂದಷ್ಟೇ ತಿಳಿದು ಬೆಳೆದ ಮೊಮ್ಮಕ್ಕಳು ತಮ್ಮನ್ನು ತಮಿಳರೆಂದೇ ಭಾವಿಸಿಕೊಂಡಿರುವುದು ಸಹಜ. ಹೆಸರಿನಲ್ಲೂ ಊರು ಉಳಿಯುವುದಿಲ್ಲ. ನಾವು ಹೆಸರಿನ ಮುಂದೆ ಊರಿನ ಅಕ್ಷರ ಇಡುತ್ತೇವೆ. ಮಲೇಷ್ಯಾದ ಗುರುತಿನ ಚೀಟಿಯಲ್ಲಿ ಭಾರತೀಯ ಮೂಲದವರ ಹೆಸರಿನ ನಡುವೆ ‘ಎ/ಎಲ್’ ಅಥವಾ ‘ಎ/ಪಿ’ ಎಂದಿರುತ್ತದೆ, ಇಂಥವರ ಮಗ, ಇಂಥವರ ಮಗಳು ಎಂದು. ಮಗನ ಚೀಟಿಯಲ್ಲಿ ತಂದೆ ಇರುತ್ತಾರೆ, ಮೊಮ್ಮಗನ ಚೀಟಿಗೆ ಬರುವಾಗ ಅಜ್ಜನ ಹೆಸರೇ ಬಿದ್ದುಹೋಗಿರುತ್ತದೆ. ಎರಡು ತಲೆಮಾರಿನಲ್ಲಿ ಒಂದು ಊರು ಹೀಗೆ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಆ ಹುಡುಗಿ ಇಷ್ಟರ ನಡುವೆ ನಿಮ್ಮನ್ನು ಹುಡುಕಿ ತೆಗೆದಳಲ್ಲ, ಅದಕ್ಕೆ ಅವಳು ಎಷ್ಟು ರಾತ್ರಿ ಎದ್ದು ಕೂತಿದ್ದಳೋ. ಅದನ್ನು ಅವಳ ಬಾಯಿಂದ ಕೇಳಿ.

ಮನೆಯಲ್ಲಿ ಚೀನೀ ಸೊಸೆ ಇರಬಹುದು, ಕ್ರೈಸ್ತ ಅಳಿಯ ಇರಬಹುದು. ಮುಸ್ಲಿಮರನ್ನು ಮದುವೆಯಾದವರು ಆ ದೇಶದ ಕಾನೂನಿನಂತೆ ಮತಾಂತರವಾಗಿರುತ್ತಾರೆ, ಹೆಸರನ್ನೂ ಬದಲಿಸಿಕೊಂಡಿರಬಹುದು. ಗೋಡೆಯ ಮೇಲಿನ ಯಾವುದೋ ಪಟದ ಬಗ್ಗೆ ಅವರು ಮಾತೆತ್ತದಿದ್ದರೆ ನೀವೂ ಎತ್ತಬೇಡಿ. ಜಾತಿ, ಗೋತ್ರದ ವಿಚಾರಣೆ ಬೇಡ. ಇದನ್ನು ನಿಮ್ಮ ತಾಯಿತಂದೆಗೆ ವಿಮಾನ ಹತ್ತುವ ಮೊದಲೇ ಹೇಳಿ ಒಪ್ಪಿಸಿ. ಅವರು ತಪ್ಪು ಉದ್ದೇಶದಿಂದ ಕೇಳುವುದಿಲ್ಲ, ಬಾಯಿಗೆ ಬಂದ ಅಭ್ಯಾಸ ಅಷ್ಟೆ. ಆದರೆ ಕೇಳಿಸಿಕೊಂಡವರಿಗೆ ಮುಳ್ಳಾಗುತ್ತದೆ.

ಒಯ್ಯುವುದೇನು? ಮೊದಲು ಒಯ್ಯಬಾರದ್ದು. ಊರಿನ ಮಣ್ಣು, ಗಿಡ, ಬೀಜ, ಹಸಿ ಹಣ್ಣು ಬೇಡ; ಪರವಾನಗಿ ಇಲ್ಲದೆ ಅವನ್ನು ಒಳಗೆ ಬಿಡುವುದಿಲ್ಲ. ನಿಮ್ಮ ದಾರಿ ಸಿಂಗಪುರಕ್ಕೂ ಹೋಗುವುದರಿಂದ ಗಸಗಸೆ ಒಂದು ಕಾಳೂ ಬೇಡ. ಅಲ್ಲಿ ಅದು ಮಾದಕ ವಸ್ತುಗಳ ಕಾನೂನಿಗೆ ಬರುತ್ತದೆ. ಪಾಯಸದ ಪೊಟ್ಟಣ ಇರಲಿ, ಕಜ್ಜಾಯದ ಮೇಲೆ ಉದುರಿಸಿದ ಗಸಗಸೆಯನ್ನೂ ನೆನಪಿಟ್ಟು ಬಿಡಿ, ಎಳ್ಳು ಹಾಕಿಸಿ. ಜಗಿಯುವ ತಂಬಾಕೂ ಅಲ್ಲಿ ನಿಷಿದ್ಧ.

ನಾನು ಕಂಡ ಉಡುಗೊರೆಗಳಲ್ಲಿ ಮರೆಯಲಾಗದ್ದು ಒಂದು ಹಂಚು. ನನಗೆ ಪರಿಚಯದ ಮನೆಯವರು ಹಳೆಯ ಮನೆ ಕೆಡವಿದಾಗ ಒಂದಿಷ್ಟು ಮಂಗಳೂರು ಹಂಚು ತೆಗೆದಿಟ್ಟಿದ್ದರು, ಹಿಂದೆ ಬಾಸೆಲ್ ಮಿಷನ್ನಿನ ಅಚ್ಚು ಇರುವಂಥದ್ದು. ಅದರಲ್ಲಿ ಒಂದನ್ನು ಎರಡು ಬೈರಾಸಿನಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡು ಹೋದರು. ಆ ಮನೆಯ ಅಜ್ಜಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಳೆನೀರು ಹರಿದು ನುಣುಪಾಗಿದ್ದ ಆ ಎರಡು ಕಾಲುವೆಯಲ್ಲಿ ಬೆರಳಾಡಿಸಿ, ‘ಅಪ್ಪ ಹುಟ್ಟಿದ್ದು ಇದರ ಕೆಳಗಾ?’ ಎಂದು ಕೇಳಿದರಂತೆ. ನಿಮ್ಮಲ್ಲಿ ಅಂಥದ್ದೇನೂ ಇಲ್ಲದಿದ್ದರೆ ಮನೆಯ, ಬಾವಿಯ, ದೇವಸ್ಥಾನದ, ಶಾಲೆಯ ಫೋಟೊಗಳನ್ನು ಕಾಗದದ ಮೇಲೆ ಮುದ್ರಿಸಿ ಒಯ್ಯಿರಿ. ಮೊಬೈಲಿನಲ್ಲಿ ತೋರಿಸಿದ್ದು ಮೊಬೈಲಿನೊಂದಿಗೇ ವಾಪಸು ಬರುತ್ತದೆ. ಚಿಕ್ಕಜ್ಜ ಓದಿದ ಶಾಲೆಯ ದಾಖಲೆ ಪುಸ್ತಕದಲ್ಲಿ ಅವರ ಹೆಸರಿದ್ದರೆ ಅದರ ದೃಢೀಕೃತ ನಕಲು ಮಾಡಿಸಿ. ಅದು ಬರಿಯ ನೆನಪಲ್ಲ: ಭಾರತ ಮೂಲದವರ ಮರಿಮಕ್ಕಳವರೆಗೆ ಸಾಗರೋತ್ತರ ಭಾರತೀಯ ನಾಗರಿಕ ಚೀಟಿಗೆ ಅರ್ಜಿ ಹಾಕಲು ಅವಕಾಶವಿದೆ, ಅಲ್ಲಿ ಹಿರಿಯರು ಇಲ್ಲಿಯವರೆಂದು ತೋರಿಸುವ ಒಂದು ಕಾಗದಕ್ಕೆ ಎಷ್ಟೋ ಮನೆಗಳವರು ಪರದಾಡುತ್ತಾರೆ.

ಆದರೆ ನೀವು ಒಯ್ಯುವ ಎಲ್ಲಕ್ಕಿಂತ ದೊಡ್ಡದು ನಿಮಗೆ ಹೊರೆ ಎನಿಸದ ಒಂದು ವಸ್ತು: ನಿಮಗೆ ಕನ್ನಡ ಓದಲು ಬರುತ್ತದೆ. ನಾನು ಮಾತಾಡಿಸಿದ ಮನೆಯೊಂದರಲ್ಲಿ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯಿತ್ತು. ಅದರೊಳಗೆ ದಾರ ಕಟ್ಟಿದ ಕಾಗದದ ಕಟ್ಟು. ತಂದೆ ತೀರಿಕೊಂಡ ಮೇಲೆ ನಲವತ್ತು ವರ್ಷ ಮಕ್ಕಳು ಅದನ್ನು ಇಟ್ಟುಕೊಂಡಿದ್ದರು, ಓದಲು ಬಾರದು. ತಮಿಳು ಮೇಷ್ಟರಿಗೆ ತೋರಿಸಿದರು, ಅವರು ತೆಲುಗು ಇರಬೇಕೆಂದರು. ತೆಲುಗಿನವರು ಅಕ್ಷರ ಕೂಡಿಸಿ ಓದಿದರು, ಅರ್ಥ ಹೇಳಲಾರದೆ ಹೋದರು. ಊರಿನಿಂದ ಬಂದ ಅಣ್ಣನ ಮಗಳು ಮೊದಲ ಕಾಗದ ಬಿಡಿಸಿ ‘ಉಭಯಕುಶಲೋಪರಿ’ ಎಂದು ಓದತೊಡಗಿದಾಗ ಮನೆಯೆಲ್ಲ ಸ್ತಬ್ಧವಾಯಿತಂತೆ. ಕಾಗದದಲ್ಲಿ ಇದ್ದದ್ದೇನು? ಈ ಸಲ ಮಳೆ ಜಾಸ್ತಿ, ಕೊಟ್ಟಿಗೆಯ ಮಾಡು ಕುಸಿಯಿತು, ಕೆಂಪು ದನ ಕರು ಹಾಕಿತು, ಅಮ್ಮನಿಗೆ ಕಣ್ಣು ಮಂಜು, ನೀನು ಯಾವಾಗ ಬರುತ್ತೀ. ಓದಿದಾಕೆ ಒಂದೊಂದು ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರೆ, ಎಪ್ಪತ್ತು ದಾಟಿದ ಮಗ ‘ದನದ ಸಾಲು ಇನ್ನೊಮ್ಮೆ ಕನ್ನಡದಲ್ಲಿ ಓದು’ ಎಂದರಂತೆ, ಅರ್ಥವಾಗದಿದ್ದರೂ.

ಸೆರೆಂಬಾನಿನ ಮನೆಯಲ್ಲೂ ಅಂಥ ಕಟ್ಟು ಇರಬಹುದು. ಈಗಲೇ ತಂಗಿಗೆ ಬರೆದು ಕೇಳಿ: ‘ಗುಂಡುಗುಂಡಾದ ಅಕ್ಷರದ ಹಳೆಯ ಕಾಗದ ಏನಾದರೂ ಇವೆಯೇ?’ ಇದ್ದರೆ ಎರಡು ಸಿದ್ಧತೆ ಬೇಕು. ಹಳೆಯ ಕೈಬರಹ ನಿಮಗಿಂತ ನಿಮ್ಮ ತಂದೆಗೆ ಚೆನ್ನಾಗಿ ಬಿಡಿಸಲು ಬರುತ್ತದೆ, ಓದುವ ಗೌರವ ಅವರಿಗೆ ಬಿಡಿ. ಇನ್ನು, ತಾರೀಕಿನ ಬದಲು ಸಂವತ್ಸರ ಬರೆದಿದ್ದರೆ ಲೆಕ್ಕ ಹಾಕಿಕೊಳ್ಳಬೇಕು. ಪಾರ್ಥಿವ ಸಂವತ್ಸರ ಎಂದಿದ್ದರೆ ಅದು 1945–46. ಅಂಥ ಕಾಗದವನ್ನು ಎಚ್ಚರದಿಂದ ಬಿಡಿಸಿ. ಜಪಾನಿನ ಸೈನ್ಯ 1941ರ ಡಿಸೆಂಬರಿನಲ್ಲಿ ಮಲಯಕ್ಕೆ ಇಳಿಯಿತು, 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು, ಯುದ್ಧ ಮುಗಿದದ್ದು 1945ರ ಆಗಸ್ಟಿನಲ್ಲಿ. ಆ ಮೂರೂವರೆ ವರ್ಷ ಊರಿಗೂ ಅಲ್ಲಿಗೂ ಟಪಾಲು ಸಂಪರ್ಕ ಕಡಿದಿತ್ತು. ತೋಟಗಳ ಸಾವಿರಾರು ಕೂಲಿಯಾಳುಗಳನ್ನು ಸಯಾಮಿನಿಂದ (ಈಗಿನ ಥಾಯ್ಲೆಂಡ್) ಬರ್ಮಾಕ್ಕೆ ರೈಲು ಹಾಕಲು ಜಪಾನಿನವರು ಒಯ್ದರು, ಎಷ್ಟೋ ಜನ ಕಾಡಿನಲ್ಲೇ ಸತ್ತರು. ಊರಿನವರು ನಿಮ್ಮ ಚಿಕ್ಕಜ್ಜನೂ ಹೋದನೆಂದುಕೊಂಡಿರಬಹುದು. ಪಾರ್ಥಿವ ಸಂವತ್ಸರದ ಕಾಗದವೆಂದರೆ, ನೀನು ಬದುಕಿದ್ದೀಯೆಂದು ತಿಳಿಯಿತು ಎನ್ನುವ ಕಾಗದ.

1952ರ ನಂತರ ಏಕೆ ಬರೆಯಲಿಲ್ಲ ಎಂದು ನಿಮ್ಮ ಮನೆಯಲ್ಲಿ ಎಪ್ಪತ್ತು ವರ್ಷದಿಂದ ಕೇಳಿಕೊಂಡಿರುತ್ತೀರಿ. ಅಲ್ಲಿ ಹೋಗಿ ಆ ಮಾತನ್ನು ದೂರಿನಂತೆ ಕೇಳಬೇಡಿ. 1948ರಿಂದ 1960ರವರೆಗೆ ಮಲಯದಲ್ಲಿ ತುರ್ತುಸ್ಥಿತಿ ಇತ್ತು, ಕಮ್ಯುನಿಸ್ಟ್ ಗೆರಿಲ್ಲಾಗಳಿಗೂ ಬ್ರಿಟಿಷರಿಗೂ ನಡೆದ ಕಾಳಗದಲ್ಲಿ ರಬ್ಬರ್ ತೋಟಗಳೇ ರಣರಂಗ. ಗುಮಾಸ್ತರು ತೋಟ ಬದಲಿಸಿದರು, ವಿಳಾಸ ಬದಲಾಯಿತು. ಬೇರೆ ಕಾರಣವೂ ಇರಬಹುದು, ಅದಕ್ಕೆ ಬರುತ್ತೇನೆ. ಕೇಳುವುದಾದರೆ ಸಣ್ಣ ಸಣ್ಣದನ್ನು ಕೇಳಿ. ಯಾವ ಹಡಗಿನಲ್ಲಿ ಬಂದರೆಂದು ಹೇಳಿದ್ದರೇ? ಮದರಾಸಿನಿಂದ ಓಡುತ್ತಿದ್ದ ‘ರಾಜುಲಾ’ ಹಡಗಿನ ಹೆಸರು ಆ ತಲೆಮಾರಿನ ಮನೆಗಳಲ್ಲಿ ಈಗಲೂ ನೆನಪಿದೆ. ಇಳಿದದ್ದು ಪಿನಾಂಗಿನಲ್ಲೋ, ಈಗ ಪೋರ್ಟ್ ಕ್ಲಾಂಗ್ ಎನ್ನುವ ಪೋರ್ಟ್ ಸ್ವೆಟೆನ್‌ಹ್ಯಾಮಿನಲ್ಲೋ? ತೋಟದಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು? ಮಲಯ ಭಾಷೆಯಲ್ಲಿ ಗುಮಾಸ್ತನಿಗೆ ‘ಕೆರಾನಿ’ ಎನ್ನುತ್ತಾರೆ, ನಮ್ಮ ‘ಕರಣಿಕ’ನ ದಾಯಾದಿ ಪದ ಅದು. ತೋಟವನ್ನು ತೋರಿಸಿ ಎಂದು ಮಾತ್ರ ಹಟ ಹಿಡಿಯಬೇಡಿ. ರಬ್ಬರ್ ಕಡಿದು ತಾಳೆ ಹಾಕಿದರು, ಎಷ್ಟೋ ಕಡೆ ತಾಳೆಯೂ ಹೋಗಿ ಮನೆಸಾಲು ಎದ್ದಿದೆ. ಹೊರಡುವ ಮೊದಲು ಬೆಂಗಳೂರಿನಲ್ಲೇ ಕೂತು ಮಾಡಬಹುದಾದ ಕೆಲಸ ಒಂದಿದೆ: ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ‘ನ್ಯೂಸ್‌ಪೇಪರ್ ಎಸ್‌ಜಿ’ ಎಂಬ ತಾಣದಲ್ಲಿ ಇಟ್ಟಿದೆ. ಚಿಕ್ಕಜ್ಜನ ಹೆಸರನ್ನು ನಾಲ್ಕಾರು ರೀತಿಯ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ ಹುಡುಕಿ. ಮರಣವಾರ್ತೆ, ವರ್ಗಾವಣೆ, ಆಟದ ತಂಡದ ಪಟ್ಟಿ, ಎಲ್ಲಿ ಬೇಕಾದರೂ ಸಿಗಬಹುದು.

ಇನ್ನು ಚಿಕ್ಕಜ್ಜಿ. ನಿಮ್ಮ ಕಾಗದದಲ್ಲಿ ಅವರಿಗೆ ಮೂರೇ ಸಾಲು ಕೊಟ್ಟಿದ್ದೀರಿ, ಆದರೆ ನೀವು ಬರೆಯಲು ಕೂತದ್ದೇ ಅವರಿಗಾಗಿ ಎಂದು ನನಗೆ ಅನಿಸಿತು.

ಮೊದಲು ಕಾನೂನಿನ ಅಳುಕನ್ನು ತೆಗೆದುಬಿಡುತ್ತೇನೆ. ಹಿಂದೂ ಗಂಡಸು ಇನ್ನೊಂದು ಮದುವೆಯಾಗುವುದನ್ನು ಮದರಾಸು ಪ್ರಾಂತ್ಯ ನಿಷೇಧಿಸಿದ್ದು 1949ರಲ್ಲಿ, ದೇಶಕ್ಕೆಲ್ಲ ಆ ಕಟ್ಟಳೆ ಬಂದದ್ದು 1955ರಲ್ಲಿ. ಮಲೇ‍ಷ್ಯಾದ ಹಿಂದೂಗಳಿಗೆ ಏಕಪತ್ನೀತ್ವದ ಕಾನೂನು ಜಾರಿಯಾದದ್ದು 1982ರಲ್ಲಿ. ಸೆರೆಂಬಾನಿನ ಚಿಕ್ಕಪ್ಪನಿಗೆ ಎಪ್ಪತ್ತೈದು ಎಂದರೆ ಅವರ ತಂದೆತಾಯಿಯ ಮದುವೆ ಆ ಕಟ್ಟಳೆಗಳು ಬರುವ ಮೊದಲೋ ಅದರ ಆಸುಪಾಸಿನಲ್ಲೋ ಆಗಿದೆ. ಆ ಮನೆಯ ಮಕ್ಕಳನ್ನು ಯಾರೂ ಕಡಿಮೆ ಎಣಿಸುವಂತಿಲ್ಲ. ನಿಮ್ಮ ಮಾತಿನಲ್ಲಿ ‘ಎರಡನೆಯ ಸಂಸಾರ’ ಎಂಬ ಪದವೇ ಬರದಿರಲಿ.

ಅವರಿಗೆ ಗೊತ್ತಿಲ್ಲವೆಂದು ನೀವು ಊಹಿಸಿದ್ದೀರಿ. ಗೊತ್ತಿದ್ದು, ನಿಮಗೆ ನೋವಾದೀತೆಂದು ಅವರೇ ಸುಮ್ಮನಿರಲೂಬಹುದು. ನನಗೆ ತಿಳಿದ ಒಂದು ಮನೆಯಲ್ಲಿ ಊರಿನ ಹೆಂಡತಿಯ ಫೋಟೊವನ್ನು ಅಲ್ಲಿಯ ಹೆಂಡತಿಯೇ ದೇವರ ಮಂಟಪದ ಪಕ್ಕದಲ್ಲಿ ಇಟ್ಟಿದ್ದರು. ಮಕ್ಕಳಿಗೆ ‘ಇವರು ಊರಿನ ದೊಡ್ಡಮ್ಮ’ ಎಂದು ಹೇಳಿ ಬೆಳೆಸಿದ್ದರು. ಇಲ್ಲಿಂದ ಹೋದವರು ಅಲ್ಲಿಯವರೆಗೂ ಗುಟ್ಟು ಕಾಯುತ್ತಿದ್ದರು. ಇನ್ನೊಂದು ಮನೆಯಲ್ಲಿ ಮಗಳಿಗೆ ಏನೇನೂ ತಿಳಿದಿರಲಿಲ್ಲ. ಹದಿನಾಲ್ಕು ಜನರ ಮುಂದೆ, ಊಟದ ನಡುವೆ, ಅದು ಹೊರಬಿತ್ತು. ಆಕೆ ಎದ್ದು ಅಡುಗೆಮನೆಗೆ ಹೋದವರು ಆ ದಿನ ಮತ್ತೆ ಹೊರಗೆ ಬರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಹೇಳಬೇಕು, ಆದರೆ ಎಲ್ಲರಿಗೂ ಅಲ್ಲ, ಮೊದಲ ದಿನ ಅಲ್ಲ, ನೀವೂ ಅಲ್ಲ. ಹೇಳಬೇಕಾದವರು ನಿಮ್ಮ ತಂದೆ, ಕೇಳಬೇಕಾದವರು ಅವರ ತಮ್ಮ. ಒಬ್ಬ ಅಣ್ಣ ತಮ್ಮನಿಗೆ ಹೇಳುವ ಮಾತು ಅದು. ಇಬ್ಬರೇ ಇರುವ ಹೊತ್ತು ನೋಡಿ, ಸಂಜೆ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಾಗ. ‘ಅಪ್ಪ ಊರಿನ ವಿಷಯ ಏನೇನು ಹೇಳುತ್ತಿದ್ದರು?’ ಎಂದು ಶುರುಮಾಡಲಿ. ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಎಷ್ಟು ಗೊತ್ತಿದೆ ಎಂಬುದು ತಿಳಿಯುತ್ತದೆ. ಏನೂ ಗೊತ್ತಿಲ್ಲವೆಂದು ಕಂಡರೆ, ಅವರು ತಾವಾಗಿ ಊರಿಗೆ ಬರುವ ಮಾತೆತ್ತುವವರೆಗೆ ಕಾಯಬಹುದು. ಆದರೆ ಅವರು ನೇರವಾಗಿ ಕೇಳಿದರೆ ಸುಳ್ಳು ಹೇಳುವ ಹಾಗಿಲ್ಲ. ಅವರು ಊರಿಗೆ ಬಂದಾಗ ನೆರೆಮನೆಯವರ ಬಾಯಿಂದ ಕೇಳುವಂತೆಯೂ ಆಗಬಾರದು. ಮೊದಲ ಭೇಟಿಗೂ ಅವರ ಊರಿನ ಪ್ರಯಾಣಕ್ಕೂ ನಡುವೆ ಎಂದಾದರೂ ಒಂದು ದಿನ ತಿಳಿಸಲೇಬೇಕು.

ಹೇಳುವಾಗ ಚಿಕ್ಕಜ್ಜಿಯನ್ನು ಕಾಯುತ್ತ ಕೂತ ಹೆಂಗಸಾಗಿ ಮಾತ್ರ ತೋರಿಸಬೇಡಿ. ಐವತ್ತಾರು ವರ್ಷ ಅವರು ಕಾದದ್ದಷ್ಟೇ ಅಲ್ಲ, ಬದುಕಿದ್ದರು. ಯಾರ ಬಾಣಂತನ ಮಾಡಿದರು, ಯಾವ ಮಕ್ಕಳನ್ನು ಎತ್ತಿ ಆಡಿಸಿದರು, ಗದ್ದೆಯ ಲೆಕ್ಕ ಯಾರ ಕೈಯಲ್ಲಿತ್ತು? ನಿಮ್ಮ ತಂದೆಯನ್ನು ಸಾಕಿದವರಲ್ಲಿ ಅವರೂ ಒಬ್ಬರಿರಬಹುದು. ಅದನ್ನೆಲ್ಲ ತಂದೆಯಿಂದ ಈಗ ಕೇಳಿ ಬರೆದುಕೊಳ್ಳಿ. ಅವರ ಫೋಟೊ ಒಂದಿದ್ದರೆ ಚೀಲದ ಒಳಜೇಬಿನಲ್ಲಿ ಇರಲಿ, ಕೇಳಿದರೆ ಮಾತ್ರ ತೆಗೆಯಿರಿ. ಇನ್ನೂ ಒಂದು ಕೆಲಸ ಇದೆ. ಚಿಕ್ಕಜ್ಜ ತೀರಿಕೊಂಡ ದಿನ ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ದಿನಾಂಕ ಕೇಳಿ ಬರೆದುಕೊಳ್ಳಿ. ದಹನವಾಯಿತೋ, ಸಮಾಧಿ ಇದೆಯೋ ಎಂಬುದನ್ನೂ ಅವರನ್ನೇ ಕೇಳಿ. ಆ ದಿನದ ತಿಥಿ ಯಾವುದೆಂದು ಊರಿನ ಪುರೋಹಿತರು ಪಂಚಾಂಗ ನೋಡಿ ಹೇಳುತ್ತಾರೆ. ಕುಂಕುಮ ಅಳಿಸಿಕೊಳ್ಳದೆ ಹೋದ ಆ ತಾಯಿಯ ಹೆಸರಿನೊಂದಿಗೆ ಆ ಹೆಸರನ್ನೂ ಸೇರಿಸಿ ಎಡೆ ಇಡುವುದು ನಿಮ್ಮ ತಂದೆಗೆ ಬೇಕಿರಬಹುದು. ಅದು ಅವರ ಇಷ್ಟ, ನೀವು ದಿನಾಂಕ ಮಾತ್ರ ತಂದುಕೊಡಿ.

ಮಕ್ಕಳ ಬಗ್ಗೆ ಚಿಂತಿಸಬೇಡಿ. ಹಿರಿಯವನಿಗೋ ಹಿರಿಯವಳಿಗೋ ಮೊಬೈಲಿನಲ್ಲಿ ಮಾತು ಮುದ್ರಿಸುವ ಕೆಲಸ ಕೊಡಿ, ಮನೆಯವರ ಒಪ್ಪಿಗೆ ಕೇಳಿದ ಮೇಲೆ. ಕಿರಿಯ ಮಗುವಿಗೆ ದೊಡ್ಡ ಹಾಳೆ ಕೊಟ್ಟು ವಂಶವೃಕ್ಷ ಬರೆಸಿ. ಆ ಮನೆಯ ಮಕ್ಕಳು ತಮ್ಮ ತಮ್ಮ ಹೆಸರನ್ನು ತಾವೇ ತುಂಬಲಿ. ಸಂಜೆ ಹೊತ್ತಿಗೆ ಅವರವರೇ ಒಂದಾಗಿರುತ್ತಾರೆ. ಫೋಟೊಗಳನ್ನು ಅಲ್ಲಿಂದಲೇ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಬೇಡ. ಚಿಕ್ಕಜ್ಜಿಯ ವಿಷಯ ಇತ್ಯರ್ಥವಾಗುವ ಮೊದಲು ಊರಿನಿಂದ ಯಾರೋ ಏನೋ ಬರೆದುಬಿಡುತ್ತಾರೆ.

ಏಪ್ರಿಲ್‌ವರೆಗೆ ಮುಖ ನೋಡದೆ ಕೂರಬೇಡಿ. ಈ ಭಾನುವಾರವೇ ವಿಡಿಯೊ ಕರೆ ಮಾಡಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ಇಲ್ಲಿ ಎಂಟಾದರೆ ಅಲ್ಲಿ ಹತ್ತೂವರೆ, ಚಿಕ್ಕಪ್ಪ ತಿಂಡಿ ಮುಗಿಸಿ ಕೂತಿರುತ್ತಾರೆ. ಫೋನನ್ನು ನೀವು ಹಿಡಿದುಕೊಳ್ಳದೆ ತಂದೆಯ ಕೈಗೆ ಕೊಡಿ. ಅವರಿಬ್ಬರಿಗೂ ಒಂದೇ ಭಾಷೆ ಇಲ್ಲದಿರಬಹುದು. ಐದು ನಿಮಿಷ ಬರಿದೆ ಮುಖ ನೋಡಿಕೊಂಡು ಕೂತರೂ ತಡೆಯಬೇಡಿ. ಅಜ್ಜನ ಮೂಗು, ಅಜ್ಜನ ಕಿವಿ ಆ ಕಡೆಯ ಮುಖದಲ್ಲಿ ಇದೆಯೇ ಎಂದು ನಿಮ್ಮ ತಂದೆ ಹುಡುಕುತ್ತಿರುತ್ತಾರೆ.